ಹಾವುಮೀನು ಸಾಲಿನ ಎರಡು ಫೋನುಗಳು

ಚನ್ ಪಿಲ್ನಮ್ ಹಾವುಮೀನು ಸುಲಿಯುವುದನ್ನು ನೋಡಲು ಹೊರಗಿನವರು ನಿಂತುಬಿಡುತ್ತಿದ್ದರು, ಆಮೇಲೆ ನೋಡಲಾರದೆ ಮುಖ ತಿರುಗಿಸುತ್ತಿದ್ದರು. ತೊಟ್ಟಿಗೆ ಕೈ ಹಾಕಿ ಒಂದನ್ನು ಎಳೆದುಕೊಂಡು, ಹಲಗೆಯ ಮೇಲೆ ನೆಟ್ಟಗೆ ನಿಂತ ಮೊಳೆಗೆ ಅದರ ತಲೆ ಚುಚ್ಚಿ, ಕುತ್ತಿಗೆಯ ಸುತ್ತ ಚಾಕು ಆಡಿಸಿ, ಚರ್ಮ ಹಿಡಿದು ಒಂದೇ ಎಳೆತ ಎಳೆಯುತ್ತಿದ್ದಳು. ಚರ್ಮ ಕಾಲುಚೀಲದ ಹಾಗೆ ಕಳಚಿ ಬರುತ್ತಿತ್ತು. ಚರ್ಮ ಹೋದ ಮೈ ಹಲಗೆಯ ಮೇಲೆ ಇನ್ನೂ ಎಷ್ಟೋ ಹೊತ್ತು ಹೊರಳುತ್ತಿತ್ತು. ಅವಳಿಗೆ ಆಗ ಅರವತ್ತೆರಡು ವರ್ಷ. ದಕ್ಷಿಣ ಕೊರಿಯಾದ ಬುಸಾನ್ ಬಂದರಿನ ನಮ್ಮ ಸಾಲಿನಲ್ಲಿ ಅವಳಷ್ಟು ಬೇಗ ಸುಲಿಯುವವಳು ಇನ್ನೊಬ್ಬಳೇ ಇದ್ದಳು. ಅವಳು ಪಕ್ಕದ ನಲವತ್ತೇಳನೇ ಅಂಗಡಿಯ ಮಾ ಬುನ್‌ರೆ, ಪಿಲ್ನಮ್‌ಗಿಂತ ನಾಲ್ಕು ವರ್ಷ ಚಿಕ್ಕವಳು.

ನಾನು ಆ ಸಾಲಿಗೆ ಐಸ್ ಹಾಕುವವನು. ಹೆಸರು ದೋಸಿಕ್. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಆ ಇಬ್ಬರ ನಡುವೆ ಗಾಡಿ ನಿಲ್ಲಿಸಿದ್ದೇನೆ. ಅಲ್ಲಿ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಪಿಲ್ನಮ್ ಅಂದರೆ ಖಂಡಿತ ಗಂಡು ಅಂತ ಅರ್ಥ. ಮೂರನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು. ಬುನ್‌ರೆ ಇದನ್ನು ಹಿಡಿದು ಕಾಡದ ದಿನವಿರಲಿಲ್ಲ.

"ಆಮೇಲೆ ಗಂಡು ಹುಟ್ತಾ ಅಕ್ಕಾ?"

"ಇಲ್ಲ ಕಣೆ, ಮತ್ತೊಂದು ಹೆಣ್ಣು."

"ಹುಟ್ಟೋಕೆ ಬಂದಿದ್ದ ಗಂಡು ನಿನ್ ಮುಖ ನೋಡಿ ವಾಪಸ್ ಹೋಗಿರ್ಬೇಕು ಬಿಡು."

ಪಿಲ್ನಮ್ ಲೋಳೆ ಮೆತ್ತಿದ ಕೈಗವಸು ಬೀಸಿ ಅವಳ ಬೆನ್ನಿಗೆ ಹೊಡೆಯುತ್ತಿದ್ದಳು. ಸಾಲಿಗೆ ಸಾಲೇ ನಗುತ್ತಿತ್ತು. ಪಿಲ್ನಮ್‌ಳ ಗಂಡ ಸ್ಕ್ವಿಡ್ ಹಿಡಿಯುವ ದೋಣಿಯ ಜೊತೆ ಮುಳುಗಿಹೋದಾಗ ಮೂರು ದಿನ ಅವಳ ಪಕ್ಕ ಮಲಗಿ ಬಾಯಿಗೆ ಗಂಜಿ ಇಟ್ಟವಳು ಬುನ್‌ರೆ.

ಇಬ್ಬರ ಮನೆಗೂ ಒಂದೊಂದು ಹಳೇ ಗಾಯವಿತ್ತು. ಪಿಲ್ನಮ್‌ಳ ಅಪ್ಪ ಯುದ್ಧದಲ್ಲಿ ಉತ್ತರ ಕೊರಿಯಾದಿಂದ ಓಡಿಬಂದವನು. ಅವನ ಅಣ್ಣನನ್ನು ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಅಲ್ಲಿನ ಕಮ್ಯುನಿಸ್ಟರು ಊರವರ ಕಣ್ಣೆದುರು ಬಿದಿರು ಕೋಲಿನಿಂದ ಚುಚ್ಚಿ ಕೊಂದಿದ್ದರು. ಬುನ್‌ರೆಯ ಅಣ್ಣ ಕಾಲೇಜಿನಲ್ಲಿದ್ದಾಗ ಸೈನಿಕ ಸರ್ಕಾರದ ಪೊಲೀಸರು ಎಳೆದೊಯ್ದಿದ್ದರು. ಹನ್ನೊಂದು ದಿನದ ಮೇಲೆ ಒಂದು ಕಿವಿ ಕಳೆದುಕೊಂಡು ಮನೆಗೆ ಬಂದ, ನಲವತ್ತು ದಾಟುವ ಮುಂಚೆ ಕುಡಿದು ಸತ್ತ. ಎರಡೂ ಕಥೆ ಇಬ್ಬರಿಗೂ ಗೊತ್ತಿತ್ತು. ಒಬ್ಬಳ ಕಥೆಗೆ ಇನ್ನೊಬ್ಬಳು ಅತ್ತದ್ದನ್ನು ನಾನೇ ಕಂಡಿದ್ದೆ. ವೋಟು ಯಾರಿಗೆ ಹಾಕಿದೆ ಎಂದು ಇಬ್ಬರೂ ಕೇಳಿಕೊಂಡವರಲ್ಲ.

ಆಮೇಲೆ ಫೋನ್ ಬಂತು.

ಪಿಲ್ನಮ್‌ಗೆ ಮೈದುನ ತನ್ನ ಹಳೇ ಫೋನ್ ಕೊಟ್ಟ. ಬುನ್‌ರೆಗೆ ಮಗಳು ತನ್ನದನ್ನು ಕೊಟ್ಟಳು. ಇಬ್ಬರೂ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉಪ್ಪಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಮೊದಮೊದಲು ಬರೀ ಹಾಡು, ಒಂದು ಮುಗಿದರೆ ತಾನಾಗಿ ಇನ್ನೊಂದು. ಹಾವುಮೀನಿನ ಲೋಳೆ ಎಂಥದ್ದೆಂದರೆ ಒಮ್ಮೆ ಕೈಗೆ ಹತ್ತಿದರೆ ಉಪ್ಪು ಹಾಕಿ ಉಜ್ಜದೆ ಹೋಗದು. ಆ ಕೈಯಲ್ಲಿ ಪರದೆ ಮುಟ್ಟುವುದು ಯಾರಿಂದಾದೀತು? ಹಾಗಾಗಿ ಬೆಳಿಗ್ಗೆ ಐದಕ್ಕೆ ಒಂದು ಸಲ ಒತ್ತಿ ಬಿಟ್ಟರೆ, ಮಧ್ಯಾಹ್ನದ ಊಟದ ತನಕ ಫೋನ್ ತನಗೆ ಬೇಕಾದ್ದನ್ನು ಹಾಕಿಕೊಂಡು ಹೋಗುತ್ತಿತ್ತು. ಇವರು ಕೇಳುತ್ತ ಸುಲಿಯುತ್ತಿದ್ದರು.

ಹಾಡುಗಳ ನಡುವೆ ಒಂದು ದಿನ ಪಿಲ್ನಮ್‌ಳ ಫೋನಿನಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ ಮಾತಾಡಿದ. ಅದು ಮೈದುನ ನೋಡುತ್ತಿದ್ದ ಚಾನೆಲ್ಲು, ಅವನ ಅಭ್ಯಾಸ ಫೋನಿನಲ್ಲೇ ಉಳಿದಿತ್ತು. ಪಿಲ್ನಮ್ ಕೈ ತೊಳೆದು ಅದನ್ನು ನಿಲ್ಲಿಸಲಿಲ್ಲ. ಮರುದಿನ ಅವನಂಥವರು ಇಬ್ಬರು ಬಂದರು. ತಿಂಗಳೊಳಗೆ ಹಾಡು ನಿಂತೇಹೋಯಿತು. ಉತ್ತರದವರು ಸಂಸತ್ತಿನೊಳಗೇ ಕೂತಿದ್ದಾರೆ, ಟೀಚರುಗಳೆಲ್ಲ ಅವರ ಕಡೆ, ನಾಳೆ ಬಿದಿರು ಕೋಲು ಹಿಡಿದು ನಿಮ್ಮ ಬಾಗಿಲಿಗೂ ಬರುತ್ತಾರೆ ಎಂದು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂಗು.

ಬುನ್‌ರೆಯ ಮಗಳ ಫೋನ್ ಇನ್ನೊಂದು ದಾರಿ ಹಿಡಿದಿತ್ತು. ಅಲ್ಲಿ ಕನ್ನಡಕದ ಯುವಕನೊಬ್ಬ ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದ. ಸೈನಿಕರ ಕಾಲ ವಾಪಸ್ ಬರುತ್ತಿದೆ, ಬಂಧಿಸುವವರ ಪಟ್ಟಿ ಸಿದ್ಧವಾಗಿದೆ, ನಿಮ್ಮ ಪಕ್ಕದ ಮನೆಯವರೇ ನಿಮ್ಮನ್ನು ಹಿಡಿದುಕೊಡುತ್ತಾರೆ ಎನ್ನುತ್ತಿದ್ದ.

ಎರಡು ಅಂಗಡಿಗಳ ನಡುವೆ ಇದ್ದದ್ದು ಮೂರಡಿ ಜಾಗ. ಒಬ್ಬಳು ಶಬ್ದ ಏರಿಸಿದರೆ ಇನ್ನೊಬ್ಬಳೂ ಏರಿಸುತ್ತಿದ್ದಳು. ನಾನು ಆ ಎರಡು ಗಂಟಲುಗಳ ನಡುವೆ ನಿಂತು ಐಸ್ ಒಡೆಯುತ್ತಿದ್ದೆ.

"ಅಕ್ಕಾ, ನಿನ್ ಮಿಲಿಟ್ರಿ ತಾತನಿಗೆ ಸ್ವಲ್ಪ ನೀರು ಕುಡಿಸು, ಕೆಮ್ಮಿ ಕೆಮ್ಮಿ ಸಾಯ್ತಾನೆ," ಎಂದಳು ಬುನ್‌ರೆ ಒಂದು ದಿನ.

"ನಿನ್ ಕನ್ನಡಕದವ್ನಿಗೆ ಮೊದ್ಲು ಮೀಸೆ ಬರ್ಲಿ, ಆಮೇಲೆ ದೇಶ ಉದ್ಧಾರ ಮಾಡ್ಲಿ," ಎಂದಳು ಪಿಲ್ನಮ್.

ಆಗ ಇನ್ನೂ ನಗು ಇತ್ತು. ಆ ಚಳಿಗಾಲದಲ್ಲಿ ಅಧ್ಯಕ್ಷರನ್ನು ಇಳಿಸಬೇಕೋ ಬೇಡವೋ ಎಂದು ಊರೂರೇ ಎರಡು ಹೋಳಾದಾಗ ನಗು ಹೋಯಿತು. ಪಿಲ್ನಮ್ ಭಾನುವಾರ ಬಾವುಟ ಹಿಡಿದು ಒಂದು ಮೆರವಣಿಗೆಗೆ ಹೋಗುತ್ತಿದ್ದಳು. ಬುನ್‌ರೆ ಶನಿವಾರ ಇನ್ನೊಂದಕ್ಕೆ. ಸೋಮವಾರ ಬೆಳಿಗ್ಗೆ ಇಬ್ಬರ ಗಂಟಲೂ ಒಡೆದಿರುತ್ತಿತ್ತು. ಆದರೂ ಮಾತಿಗೆ ಮಾತು ನಿಲ್ಲುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಬುನ್‌ರೆ ತನ್ನ ಅಂಗಡಿಯ ಕಂಬಕ್ಕೆ ಒಂದು ರಿಬ್ಬನ್ ಕಟ್ಟಿದಳು. ಅವಳ ಕಡೆಯವರೆಲ್ಲ ಆ ವಾರ ಕಟ್ಟಿಕೊಂಡಿದ್ದ ಬಣ್ಣ. ಪಿಲ್ನಮ್ ಚಾಕು ಕೆಳಗಿಟ್ಟಳು.

"ಬಿಚ್ಚೇ ಅದನ್ನ."

"ನನ್ ಅಂಗಡಿ, ನನ್ ಕಂಬ. ನಿಂಗ್ಯಾಕೆ?"

"ಗಿರಾಕಿಗಳು ನಮ್ಮನ್ನೂ ಅದೇ ಕಡೆ ಅಂದ್ಕೋತಾರೆ. ನನ್ ದೊಡ್ಡಪ್ಪನ್ನ ಕೊಂದವ್ರು ಕಟ್ಕೊಂಡಿದ್ದ ಪಟ್ಟಿ ಅದು."

"ನಿನ್ ದೊಡ್ಡಪ್ಪ ಏನ್ ಮಾಡಿ ಕೊಲ್ಲಿಸ್ಕೊಂಡ್ನೋ ಯಾರಿಗ್ಗೊತ್ತು. ಜಮೀನ್ದಾರರ ಬಾಲ ಹಿಡ್ಕೊಂಡು ಓಡಾಡಿರ್ತಾನೆ."

ಆ ಮಾತು ಬುನ್‌ರೆಯದಲ್ಲ. ಹಿಂದಿನ ದಿನ ಅವಳ ಫೋನಿನಲ್ಲಿ ಆ ಕನ್ನಡಕದವನು ಉತ್ತರದಿಂದ ಓಡಿಬಂದವರ ಬಗ್ಗೆ ಆಡಿದ್ದ ಮಾತು, ನಾನೂ ಕೇಳಿದ್ದೆ. ಪಿಲ್ನಮ್ ಕೂಡ ತನ್ನ ಫೋನಿನಿಂದಲೇ ಉತ್ತರ ತೆಗೆದಳು.

"ನಿಮ್ಮಣ್ಣನಿಗೆ ಪೊಲೀಸರು ಒಂದೇ ಕಿವಿ ಕಿತ್ರು. ನಾಲಿಗೇನೂ ಕೀಳ್ಬೇಕಿತ್ತು."

ಬುನ್‌ರೆ ಅಂಗಡಿ ಸುತ್ತಿ ಬಂದು ಪಿಲ್ನಮ್‌ಳ ಕೆನ್ನೆಗೆ ಬಾರಿಸಿದಳು. ಪಿಲ್ನಮ್ ಅವಳ ಕೂದಲು ಹಿಡಿದಳು. ಇಬ್ಬರೂ ಲೋಳೆಯ ನೆಲದ ಮೇಲೆ ಜಾರಿ ಬಿದ್ದರು, ಬಿದ್ದಲ್ಲೇ ಗುದ್ದಾಡಿದರು. ನಾನೂ ಸೀಗಡಿ ಮಾರುವವಳೂ ಸೇರಿ ಬಿಡಿಸಬೇಕಾಯಿತು. ಬುನ್‌ರೆಯ ಒಂದು ಹಿಡಿ ಕೂದಲು ಪಿಲ್ನಮ್‌ಳ ಕೈಯಲ್ಲಿ ಉಳಿಯಿತು. ಅವಳು ಅದನ್ನು ನೀರಿಗೆ ಎಸೆದು, ಉಪ್ಪಿನಲ್ಲಿ ಕೈ ಉಜ್ಜಿ ಒರೆಸಿಕೊಂಡಳು. ಫೋನ್ ತೆಗೆದು ಬುನ್‌ರೆಯ ಅಂಗಡಿಯ ಫೋಟೊ ಹೊಡೆದಳು. ರಿಬ್ಬನ್ನು, ನಲವತ್ತೇಳು ಅನ್ನುವ ಹಲಗೆ, ಕೆದರಿದ ತಲೆಯ ಬುನ್‌ರೆ ಎಲ್ಲ ಅದರಲ್ಲಿ ಬಂತು. ತನ್ನ ಮೆರವಣಿಗೆಯವರ ಗ್ರೂಪಿಗೆ ಹಾಕಿ ಕೆಳಗೆ ಬರೆದಳು: "ಇಂಥವರ ಪಕ್ಕ ಕೂತು ಹೊಟ್ಟೆ ಹೊರೆಯೋ ಗತಿ ನನ್ನದು."

ಇಷ್ಟೇ ಅವಳು ಮಾಡಿದ್ದು. ಆ ಗ್ರೂಪಿನಲ್ಲಿ ನಾನೂರು ಜನರಿದ್ದರು.

ಮೂರು ದಿನದಲ್ಲಿ ಆ ಫೋಟೊ ಎಲ್ಲೆಲ್ಲಿಗೋ ಹೋಯಿತು. ಹೋದಲ್ಲೆಲ್ಲ ಬರಹ ಬದಲಾಯಿತು. ಒಂದು ಕಡೆ, ಈ ಅಂಗಡಿಯವಳು ಮೆರವಣಿಗೆಯ ಅಜ್ಜಿಯೊಬ್ಬಳನ್ನು ಥಳಿಸಿದಳು ಎಂದಾಯಿತು. ಇನ್ನೊಂದು ಕಡೆ, ನಮ್ಮ ಕಡೆಯವರಿಗೆ ಕೊಳೆತ ಮೀನು ಮಾರುತ್ತಾಳೆ ಎಂದಾಯಿತು. ಕೊನೆಗೆ ಅದು ಮೊಕ್ ಜುನ್‌ತೇ ಎಂಬವನ ಕೈ ಸೇರಿತು. ಅವನು ನಮ್ಮೂರಿನವನೇ, ಮೂವತ್ತು ದಾಟಿದವನು. ಕೋಲಿಗೆ ಫೋನ್ ಸಿಕ್ಕಿಸಿಕೊಂಡು ಜನರನ್ನು ಬೆನ್ನಟ್ಟಿ ಹೋಗಿ ಪ್ರಶ್ನೆ ಕೇಳುವುದೇ ಅವನ ಕಸುಬು. ಪಿಲ್ನಮ್‌ಳ ಫೋನ್ ಅವನನ್ನೂ ಅವಳಿಗೆ ದಿನಾ ತೋರಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತು. ನಾನು ಐಸಿನ ಗಡ್ಡೆ ಇಳಿಸಿ, ಐಸ್ ಒಡೆಯುವ ಮರದ ಕೊಡತಿಯನ್ನು ಪಿಲ್ನಮ್‌ಳ ಹಲಗೆಯ ಮೇಲಿಟ್ಟು ಸುಧಾರಿಸಿಕೊಳ್ಳುತ್ತಿದ್ದೆ. ಜುನ್‌ತೇ ಇಬ್ಬರು ಗಟ್ಟಿಗರ ಜೊತೆ ಸಾಲಿನೊಳಗೆ ಬಂದ.

"ನೋಡಿ, ಇವಳೇ. ನಲವತ್ತೇಳು," ಎಂದು ಫೋನಿಗೆ ಹೇಳಿ, ಬುನ್‌ರೆಯ ಕಡೆ ತಿರುಗಿದ. "ಅಜ್ಜೀ, ದೇಶಪ್ರೇಮಿಗಳಿಗೆ ಕೊಳೆತ ಮೀನು ಮಾರ್ತೀರಂತೆ?"

"ಮೀನು ಬೇಕಾ? ಬೇಡ ಅಂದ್ರೆ ದಾರಿ ಬಿಡಪ್ಪ, ಗಿರಾಕಿಗೆ ಅಡ್ಡ."

"ಉತ್ತರ ಕೊಡಿ ಅಜ್ಜೀ. ಜನ ನೋಡ್ತಿದ್ದಾರೆ."

"ಜನ ನೋಡ್ಲಿ. ನಿಮ್ಮಮ್ಮನೂ ನೋಡ್ತಿರ್ತಾಳೆ, ನಾಚ್ಕೊಳ್ಲಿ."

ಜುನ್‌ತೇ ಫೋನನ್ನು ತನ್ನ ಮುಖದ ಕಡೆ ತಿರುಗಿಸಿಕೊಂಡ. "ನಾವು ಶಾಂತವಾಗಿ ಪ್ರಶ್ನೆ ಕೇಳ್ತಿದ್ದೀವಿ, ನೋಡಿ ಇವರ ಸೊಕ್ಕು," ಎನ್ನುತ್ತ, ಫೋನಿಗೆ ಕಾಣದ ಕಾಲಿನಿಂದ ಬುನ್‌ರೆಯ ತೊಟ್ಟಿಗೆ ಒದ್ದ. ತೊಟ್ಟಿ ಮಗುಚಿತು. ನೂರಾರು ಹಾವುಮೀನು ನೆಲದ ಮೇಲೆ ಹರಿದವು. ಬುನ್‌ರೆ ಮೀನು ಚುಚ್ಚಲು ಕೈಯಲ್ಲಿ ಹಿಡಿದಿದ್ದ ದಬ್ಬಳದ ಸಮೇತ ಎದ್ದು ಬಂದಳು. ಆಗ ಅವನು ಫೋನನ್ನು ಅವಳ ಕಡೆ ತಿರುಗಿಸಿದ.

ಗಟ್ಟಿಗರಲ್ಲಿ ಒಬ್ಬ ಅವಳ ಮಣಿಕಟ್ಟು ಹಿಡಿದು ತಿರುಚಿದ. ದಬ್ಬಳ ಬಿತ್ತು. ಅವನು ಬಿಡಲಿಲ್ಲ, ಅವಳ ಕೈಯನ್ನು ಹಲಗೆಯ ಮೇಲೆ ಅಪ್ಪಳಿಸಿದ. ಮೀನಿನ ತಲೆ ಚುಚ್ಚುವ ಮೊಳೆ ಅವಳ ಅಂಗೈ ತೂರಿ ಹಿಂಬದಿಯಿಂದ ಹೊರಬಂತು. ಬುನ್‌ರೆ ಕಿರುಚಲಿಲ್ಲ. ಬಾಯಿ ತೆರೆದು ತನ್ನ ಕೈಯನ್ನೇ ನೋಡುತ್ತ ನಿಂತಳು. ಅವನು ಮೇಲಿನಿಂದ ಇನ್ನೊಮ್ಮೆ ಅದುಮಿದ.

ಆಗ ನಾನೇನು ಮಾಡುತ್ತಿದ್ದೆ ಎಂದು ಕೋರ್ಟಿನಲ್ಲಿ ಕೇಳಿದರು. ನಿಂತಿದ್ದೆ. ಅಷ್ಟು ವರ್ಷ ಆ ಹೆಂಗಸಿನ ಕೈಯಿಂದ ಬಿಸಿ ಸಾರು ಕುಡಿದವನು ಸುಮ್ಮನೆ ನಿಂತಿದ್ದೆ.

ಪಿಲ್ನಮ್‌ಳ ಫೋನಿನಲ್ಲಿ ಅದೇ ಹೊತ್ತಿಗೆ ಜುನ್‌ತೇಯ ನೇರ ಪ್ರಸಾರ ತಾನಾಗಿ ಶುರುವಾಗಿತ್ತು. ನೇರ ಎಂದರೂ ಅದು ಹತ್ತು ಹನ್ನೆರಡು ಸೆಕೆಂಡು ತಡವಾಗಿ ಬರುತ್ತದೆ. ಮೂರಡಿ ಆಚೆ ಮೊಳೆ ಕೈ ತೂರಿಯಾಗಿತ್ತು, ಫೋನಿನಲ್ಲಿ ಇನ್ನೂ ಜುನ್‌ತೇ ಮುಖ ತೋರಿಸಿಕೊಂಡು ಶಾಂತವಾಗಿ ಪ್ರಶ್ನೆ ಕೇಳ್ತಿದ್ದೀವಿ ಎನ್ನುತ್ತಿದ್ದ. ಆಮೇಲೆ ಪರದೆಯಲ್ಲಿ ದಬ್ಬಳ ಎತ್ತಿಕೊಂಡು ನುಗ್ಗಿಬರುವ ಬುನ್‌ರೆ ಕಂಡಳು. ಒದ್ದದ್ದು ಕಾಣಲಿಲ್ಲ. ಕೆಳಗೆ ಸಾಲುಸಾಲು ಬರಹ ಓಡುತ್ತಿತ್ತು: ಹೊಡಿ ಅವಳನ್ನ, ಕೈ ಮುರಿ, ಕೊಲೆಗಡುಕಿ.

"ಅದನ್ನ ನೋಡಿದಾಗ," ಎಂದು ಪಿಲ್ನಮ್ ಎಷ್ಟೋ ದಿನದ ಮೇಲೆ ನನಗೆ ಹೇಳಿದಳು, "ಇಷ್ಟು ದಿನ ನಾನು ನೋಡಿದ್ದೆಲ್ಲ ಹಿಂಗೇ ಇತ್ತಾ ಅನ್ನಿಸ್ತು ಕಣೋ. ಎಲ್ಲಾದ್ರಲ್ಲೂ ಯಾರೋ ಒದ್ದಿದ್ರೇನೋ, ನಂಗೆ ಕಾಣಿಸ್ಲಿಲ್ಲ."

ಆ ಕ್ಷಣಕ್ಕೆ ಮಾತ್ರ ಅವಳು ನನ್ನ ಕೊಡತಿ ಎತ್ತಿಕೊಂಡಳು. ಮೊದಲ ಏಟು ಬುನ್‌ರೆಯನ್ನು ಹಿಡಿದಿದ್ದವನ ಹೆಗಲಿಗೆ ಬಿತ್ತು. ಅವನು ಕೈ ಬಿಟ್ಟ. ಎರಡನೆಯದು ಜುನ್‌ತೇಯ ದವಡೆಗೆ. ಐಸಿನ ಗಡ್ಡೆ ಒಡೆದಂಥದೇ ಸದ್ದು. ಅವನು ಮೀನುಗಳ ಮೇಲೆ ಬಿದ್ದ, ಬಾಯಿಂದ ರಕ್ತದ ಜೊತೆ ಎರಡು ಹಲ್ಲು ನೆಲಕ್ಕೆ ಬಂದವು. ಪಿಲ್ನಮ್ ಮೂರನೆಯ ಸಲ ಕೊಡತಿ ಎತ್ತಿದಾಗ ನನ್ನ ಕಾಲಿಗೆ ಜೀವ ಬಂತು. ಅವಳನ್ನು ಹಿಂದಿನಿಂದ ಅವುಚಿ ಹಿಡಿದೆ. ಅವಳು ನನ್ನ ಕೈ ಕಚ್ಚಿದರೂ ನಾನು ಬಿಡಲಿಲ್ಲ.

ನೆಲದಲ್ಲಿ ಬಿದ್ದಿದ್ದ ಅವನ ಫೋನ್ ಇನ್ನೂ ಚಾಲೂ ಇತ್ತು. ಅದರ ಮೇಲೆ ಹಾವುಮೀನು ಹರಿದಾಡುತ್ತಿದ್ದವು.

ಬುನ್‌ರೆಯನ್ನು ಆಸ್ಪತ್ರೆಗೆ ಒಯ್ದರು. ಪಿಲ್ನಮ್‌ಳನ್ನು ಠಾಣೆಗೆ ಒಯ್ದು, ವಿಚಾರಣೆಗೆ ಕರೆದಾಗ ಬರಬೇಕೆಂದು ಹೇಳಿ ಶುಕ್ರವಾರ ರಾತ್ರಿ ಬಿಟ್ಟರು. ಬರುವಷ್ಟರಲ್ಲಿ ಲೋಕವೇ ಅವಳನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿಟ್ಟುಕೊಂಡಿತ್ತು. ಅವಳ ಕಡೆಯ ಚಾನೆಲ್ಲುಗಳಲ್ಲಿ ಅವಳು ಬಾವುಟ ಹಿಡಿದು ಒಳಹೊಕ್ಕಿದ್ದ ಶತ್ರುಗಳ ಗೂಢಚಾರಿಣಿ. ಬುನ್‌ರೆಯ ಕಡೆಯವುಗಳಲ್ಲಿ ಮೊದಲಿಂದಲೂ ಗೆಳತಿಯ ಪರ ನಿಂತ ವೀರ ಅಜ್ಜಿ. ನಾನೂರು ಜನರ ಗ್ರೂಪಿನಿಂದ ಅವಳನ್ನು ತೆಗೆದುಹಾಕಿದ್ದರು. ತೆಗೆಯುವ ಮೊದಲು ಒಬ್ಬೊಬ್ಬರೂ ಒಂದೊಂದು ಬೈಗುಳ ಹಾಕಿದ್ದರು. ಮೈದುನನದೂ ಒಂದಿತ್ತು.

ಶನಿವಾರ ಬೆಳಿಗ್ಗೆ ಅಂಗಡಿ ತೆರೆದರೆ ಅವಳ ತೊಟ್ಟಿಯ ಮೀನೆಲ್ಲ ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾರೋ ಬ್ಲೀಚ್ ಸುರಿದಿದ್ದರು. ಹಲಗೆಯ ಮೇಲೆ ಚಾಕುವಿನಿಂದ "ದ್ರೋಹಿ" ಎಂದು ಕೆತ್ತಿದ್ದರು.

ಬುನ್‌ರೆಯ ಕಡೆಯವರೂ ಸುಮ್ಮನಿರಲಿಲ್ಲ. ಜುನ್‌ತೇಯ ಮನೆಯ ವಿಳಾಸ ಹೊರಬಿತ್ತು. ಅವನ ತಾಯಿ ಬಂದರಿನ ಎದುರಿನ ಯೊಂಗ್ದೋ ದ್ವೀಪದಲ್ಲಿ ಸಣ್ಣ ನೂಡಲ್ಸ್ ಅಂಗಡಿ ಇಟ್ಟುಕೊಂಡಿದ್ದವಳು. ನಾಲ್ಕು ಜನ ಹಾಡುಹಗಲೇ ಬಂದು ಗಾಜಿಗೆ ಇಟ್ಟಿಗೆ ಬೀಸಿದರು. ಚೂರು ಸಿಡಿದು ಅವಳ ಹುಬ್ಬಿನಿಂದ ಕೆನ್ನೆಯ ತನಕ ಸೀಳಿತು. ಕುದಿಯುವ ಪಾತ್ರೆ ಮಗುಚಿ ಕಾಲು ಬೆಂದಿತು. ಬುನ್‌ರೆ ಆಸ್ಪತ್ರೆಯ ಹಾಸಿಗೆಯಲ್ಲಿ ಫೋನ್ ತೆರೆದಾಗ ಕನ್ನಡಕದವನು ನಗುತ್ತ ಆ ವಿಡಿಯೊ ತೋರಿಸಿ, ಜನರ ಸಿಟ್ಟು ಅಂದರೆ ಇದು ಎನ್ನುತ್ತಿದ್ದ. ರಕ್ತ ಸುರಿಸುತ್ತ ನೆಲದಲ್ಲಿ ಕೂತಿದ್ದ ಆ ಹೆಂಗಸು ತನ್ನದೇ ವಯಸ್ಸಿನವಳು. ಬುನ್‌ರೆ ಫೋನನ್ನು ಗೋಡೆಗೆ ಎಸೆದಳು ಎಂದು ಅವಳ ಮಗಳು ನನಗೆ ಹೇಳಿದಳು.

ಮರುದಿನ ಮಧ್ಯಾಹ್ನ ಪಿಲ್ನಮ್ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಪಾತ್ರೆಯಲ್ಲಿ ಅಕ್ಕಿ ಗಂಜಿ ಇತ್ತು. ಬುನ್‌ರೆ ಅವಳನ್ನು ಕಂಡ ಕೂಡಲೇ ಅತ್ತಳು.

"ಅಕ್ಕಾ, ಆವತ್ತು ನೀನಿಲ್ದೇ ಇದ್ದಿದ್ರೆ ನನ್ ಕತೆ ಮುಗೀತಿತ್ತು. ನಿಮ್ ದೊಡ್ಡಪ್ಪನ ಬಗ್ಗೆ ಏನೇನೋ ಅಂದ್ಬಿಟ್ಟೆ, ಕ್ಷಮಿಸು."

ಪಿಲ್ನಮ್ ಪಾತ್ರೆ ಕೆಳಗಿಟ್ಟಳು. "ಆ ಫೋಟೊ ಕಳಿಸಿದ್ದು ನಾನು."

"ಯಾವ ಫೋಟೊ?"

"ನಿನ್ ಅಂಗಡೀದು. ಜಗಳ ಆದ್ಮೇಲೆ ಹೊಡೆದೆ. ಗ್ರೂಪಿಗೆ ಹಾಕ್ದೆ. ಅದ್ನ ನೋಡ್ಕೊಂಡೇ ಅವ್ರು ಬಂದಿದ್ದು."

ಬುನ್‌ರೆ ಎದ್ದು ಕೂತಳು. ಆಮೇಲೆ ಪಟ್ಟಿ ಕಟ್ಟಿದ ಕೈಯನ್ನೇ ಎತ್ತಿ ಪಿಲ್ನಮ್‌ಳ ಬಾಯಿಗೆ ಹೊಡೆದಳು. ನೋವಿಗೆ ಹೊಡೆದವಳೇ ಕೂಗಿಕೊಂಡಳು. ಆದರೂ ಮತ್ತೆ ಹೊಡೆದಳು. ಮತ್ತೆ. ಪಿಲ್ನಮ್ ಕೈ ಅಡ್ಡ ತರಲಿಲ್ಲ. ತುಟಿ ಒಡೆದು ಗದ್ದಕ್ಕೆ ರಕ್ತ ಇಳಿಯಿತು, ಬುನ್‌ರೆಯ ಪಟ್ಟಿಯೂ ಕೆಂಪಾಯಿತು. ನರ್ಸುಗಳು ಓಡಿಬಂದರು. ಆ ದಿನ ಹೊಲಿಗೆ ಕಿತ್ತುಹೋದದ್ದಕ್ಕೇ ಎರಡು ಬೆರಳು ಹೋದವು ಎಂದು ಡಾಕ್ಟರು ಹೇಳಿದರು. ಮೊಳೆಯಿಂದಲೇ ಹೋಗಿದ್ದವು ಎಂದು ಇನ್ನೊಬ್ಬ ಡಾಕ್ಟರು ಹೇಳಿದರು. ಅಂತೂ ಆ ಬೆರಳುಗಳು ಮತ್ತೆ ಮಡಚಿಕೊಳ್ಳಲಿಲ್ಲ.

ವಿಚಾರಣೆ ಮೇ ತಿಂಗಳಲ್ಲಿ ನಡೆಯಿತು. ಬುನ್‌ರೆಯ ಕೈಗೆ ಮೊಳೆ ಹೊಡೆದವನಿಗೆ ಅದಾಗಲೇ ಜೈಲಾಗಿತ್ತು. ಪಿಲ್ನಮ್‌ಳ ಮೇಲಿದ್ದದ್ದು ಜುನ್‌ತೇಯ ದವಡೆ ಮುರಿದ ಆರೋಪ. ಕೋರ್ಟಿನ ಹೊರಗೆ ಎರಡೂ ಕಡೆಯವರು ಕೋಲಿಗೆ ಫೋನ್ ಸಿಕ್ಕಿಸಿಕೊಂಡು ನಿಂತಿದ್ದರು. ಒಳಗೆ ಹೋಗುವಾಗ ಒಬ್ಬ ಮುದುಕ ಪಿಲ್ನಮ್‌ಳ ಮುಖಕ್ಕೆ ಉಗುಳಿದ. ಅವಳು ಒರೆಸಿಕೊಂಡು ಮೆಟ್ಟಿಲು ಹತ್ತಿದಳು.

ಸಾಕ್ಷಿ ಹೇಳಲು ಬುನ್‌ರೆಯನ್ನು ಕರೆದರು. ಅವಳ ವಕೀಲರೂ ಮಗಳೂ ಫೋಟೊದ ಸುದ್ದಿ ಎತ್ತಬೇಡ ಎಂದಿದ್ದರಂತೆ. ಅವಳು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು:

"ನಾನು ಇವಳ ಸತ್ತವರನ್ನ ಬೈದೆ. ಇವಳು ನನ್ನ ಸತ್ತವರನ್ನ ಬೈದಳು. ಮೊದಲು ಕೈ ಎತ್ತಿದ್ದು ನಾನು. ಫೋಟೊ ಕಳಿಸಿದ್ದು ಇವಳು. ತೊಟ್ಟಿ ಒದ್ದಿದ್ದು ಆ ಹುಡುಗ, ಅವನ ಜೊತೆಯವನು ನನ್ನ ಕೈಗೆ ಮೊಳೆ ಹೊಡೆದ. ಆಗ ಬಂದು ಬಿಡಿಸಿದ್ದು ಇವಳೊಬ್ಬಳೇ. ನನ್ನ ಕಡೆಯವರು ಆ ಹುಡುಗನ ತಾಯಿ ಮುಖ ಸೀಳಿದ್ರು, ಅದೂ ಬರ್ಕೊಳ್ಳಿ. ಒಂದನ್ನ ಬಿಟ್ಟು ಒಂದನ್ನ ಬರೀಬೇಡಿ ಸ್ವಾಮಿ. ಅರ್ಧ ಕೇಳಿ ಕೇಳಿ ಸಾಕಾಗಿದೆ."

ನ್ಯಾಯಾಧೀಶರು ಎಲ್ಲವನ್ನೂ ಬರೆಸಿಕೊಂಡರು. ಪಿಲ್ನಮ್‌ಗೆ ಎಂಟು ತಿಂಗಳ ಸಜೆ ಎಂದರು, ಎರಡು ವರ್ಷ ಇನ್ನೊಂದು ತಪ್ಪು ಮಾಡದಿದ್ದರೆ ಜೈಲಿಗೆ ಹೋಗಬೇಕಿಲ್ಲ ಎಂದರು. ಅದರ ಜೊತೆಗೆ ನೂರಿಪ್ಪತ್ತು ಗಂಟೆ ಸಮಾಜಸೇವೆ. ಆ ಸಂಜೆ ಕುತೂಹಲಕ್ಕೆ ನಾನು ಎರಡೂ ಕಡೆಯ ಚಾನೆಲ್ಲು ತೆರೆದು ನೋಡಿದೆ. ಒಂದರಲ್ಲಿ "ಫೋಟೊ ಕಳಿಸಿದ್ದು ಇವಳು" ಎನ್ನುವ ತನಕ ಮಾತ್ರ ಹಾಕಿದ್ದರು. ಇನ್ನೊಂದರಲ್ಲಿ "ತೊಟ್ಟಿ ಒದ್ದಿದ್ದು" ಎನ್ನುವಲ್ಲಿಂದ ಶುರುಮಾಡಿ ತಾಯಿಯ ಮುಖದ ಮಾತು ಬರುವ ಮುಂಚೆ ಕತ್ತರಿಸಿದ್ದರು.

ಪಿಲ್ನಮ್ ಬೇಸಿಗೆಯಿಡೀ ವಾರಕ್ಕೆರಡು ದಿನ ಸುರಂಗ ರೈಲಿನ ನಿಲ್ದಾಣದಲ್ಲಿ ಶೌಚಾಲಯ ತೊಳೆದಳು. ಉಳಿದ ದಿನ ಅಂಗಡಿಯಲ್ಲಿ ಕೂತಳು. ಕೆಲವರು ಬಂದು ಅವಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು ಎನ್ನುತ್ತಿದ್ದರು. ಅಂಥವರ ಕಾಲಬುಡಕ್ಕೆ ಅವಳು ಲೋಳೆನೀರು ಚೆಲ್ಲುತ್ತಿದ್ದಳು. ಒಮ್ಮೆ ಒಬ್ಬ ಅವಳನ್ನು ದ್ರೋಹಿ ಎಂದು ಕರೆದು ಬೆನ್ನಿಗೆ ಗುದ್ದಿದ. ತಿರುಗಿ ಹೊಡೆದರೆ ಜೈಲೆಂದು ಅವಳಿಗೆ ಗೊತ್ತಿತ್ತು. ಮೊಳೆಗೆ ಚುಚ್ಚಿದ ಮೀನಿನ ಚರ್ಮ ಹಿಡಿದು ಎಳೆಯುತ್ತ, ಅವನು ಹೋಗುವ ತನಕ ಹಲ್ಲು ಕಚ್ಚಿ ಕೂತಿದ್ದಳು.

ಆಗಸ್ಟಿನಲ್ಲಿ ಬುನ್‌ರೆ ಮಾರುಕಟ್ಟೆಗೆ ಮರಳಿದಳು. ಸುಲಿಯಲು ಆ ಕೈಯಿಂದ ಆಗುವುದಿಲ್ಲ. ಅದೇ ನಲವತ್ತೇಳರಲ್ಲಿ ಒಣ ಮೀನಿನ ಚೀಲ ಹರಡಿಕೊಂಡು ಕೂತಳು. ಬೇರೆ ಜಾಗ ಕೊಡಿಸುತ್ತೇವೆ ಎಂದು ಸಾಲಿನವರು ಹೇಳಿದ್ದರು. "ಇದು ನನ್ ಜಾಗ, ನಾನ್ಯಾಕೆ ಬಿಡ್ಲಿ," ಎಂದಳು. ಮೂರು ವಾರ ಅವಳು ಪಿಲ್ನಮ್‌ಳ ಕಡೆ ತಿರುಗಿಯೂ ನೋಡಲಿಲ್ಲ.

ನಾಲ್ಕನೇ ವಾರದ ಸೋಮವಾರ ನಾನು ಐಸ್ ಇಳಿಸುತ್ತಿದ್ದೆ. ಪಿಲ್ನಮ್ ತೊಟ್ಟಿ ಬದಲಿಸುವಾಗ ನೀರು ಹರಿದು ಬುನ್‌ರೆಯ ಚೀಲಗಳ ಬುಡಕ್ಕೆ ಬಂತು.

"ನಿನ್ ನೀರು ನನ್ ಕಡೆ ಬರ್ತಿದೆ," ಎಂದಳು ಬುನ್‌ರೆ, ಚೀಲ ಎತ್ತಿ ಮೇಲಿಡುತ್ತ.

ಪಿಲ್ನಮ್ ಕಸಬರಿಕೆ ತೆಗೆದುಕೊಂಡು ಬಂದು ನೀರನ್ನೆಲ್ಲ ಚರಂಡಿಗೆ ಗುಡಿಸಿದಳು. ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದಳು.

"ಸಾಕು ಬಿಡು, ನೆಲ ಸವೀತದೆ," ಎಂದಳು ಬುನ್‌ರೆ. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು ಒಣ ಮೀನಿನ ಬೆಲೆ ಕೇಳಿದಳು.